ನೊರೆಯಲ್ಲಿ ಕಾಣುವ ಸೋರಿಕೆ

ಚಾಮರಾಜನಗರ ದಾಟಿ ಪುಣಜನೂರಿನ ಕಾಡು ಹೊಕ್ಕ ರಸ್ತೆ ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ತಮಿಳುನಾಡನ್ನು ಸೇರಿ ಹಾಸನೂರಿಗೆ ಬರುತ್ತದೆ. ಅಲ್ಲಿಂದ ಮುಂದೆ ದಿಂಬಂ. ದಿಂಬಂನಿಂದ 27 ಹೇರ್‌ಪಿನ್ ತಿರುವುಗಳ ಘಾಟಿ ಇಳಿದರೆ ಬಣ್ಣಾರಿ, ಆಮೇಲೆ ಸತ್ಯಮಂಗಲ, ಕೊನೆಗೆ ಕೊಯಮತ್ತೂರು. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯಿಂದ ಪಳನಿಗೆ, ಶಬರಿಮಲೆಗೆ ಹೊರಡುವ ಟೆಂಪೊ ಟ್ರಾವೆಲರ್‌ಗಳು ಅಂದರೆ ಟಿಟಿಗಳು, ಕಬ್ಬು ಮತ್ತು ಎಲೆಕೋಸು ತುಂಬಿದ ಲಾರಿಗಳು, ಈಚೆಗೆ ಹಾಸಿಗೆ, ಒಲೆ, ಫ್ರಿಜ್ಜು ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಕ್ಯಾಂಪರ್ ವ್ಯಾನುಗಳು ಓಡಾಡುವ ರಸ್ತೆ ಇದು. 2013ರಲ್ಲಿ ಈ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ವನ್ಯಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುವುದನ್ನು ತಪ್ಪಿಸಲು ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಬಣ್ಣಾರಿ ಮತ್ತು ಕಾರಪಳ್ಳಂ ನಡುವೆ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಭಾರಿ ಸರಕು ವಾಹನಗಳಿಗೆ ಸಂಜೆ 6ರಿಂದ, ಕಾರು ವ್ಯಾನುಗಳಿಗೆ ರಾತ್ರಿ 9ರಿಂದ, ಬೆಳಗಿನ 6ರ ವರೆಗೆ.

ಕಾಡಿಗೆ ಇದು ಒಳ್ಳೆಯದಾಯಿತು. ತಡವಾಗಿ ಬಂದ ಪ್ರಯಾಣಿಕರು ಮಾತ್ರ ಕಾಡಂಚಿನಲ್ಲಿ ಗಾಡಿಯೊಳಗೇ ರಾತ್ರಿ ಕಳೆಯಬೇಕಾಯಿತು. ಹಾಸನೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾಗಿಯಲ್ಲಿ ರಾತ್ರಿ ಚಳಿ ಇರುತ್ತದೆ, ಕಬ್ಬಿನ ಲಾರಿಗಳನ್ನು ಕಾದು ನಿಲ್ಲುವ ಆನೆಗಳು ಇರುತ್ತವೆ. ಹಾಗಾಗಿ ಗಾಡಿಯಲ್ಲಿ ಮಲಗುವವರು ಕಿಟಕಿ ಗಾಜನ್ನು ಪೂರ್ತಿ ಏರಿಸುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತಾರೆ. ಮಲಗುವ ಮುಂಚೆ ಒಂದು ಲೋಟ ಚಹಾ, ಮಗುವಿಗೆ ಒಂದಿಷ್ಟು ಹಾಲು ಕಾಯಿಸುವುದಕ್ಕೆ ಒಲೆ ಹಚ್ಚಿ ಆರಿಸುತ್ತಾರೆ. ಬೀಗ ಹಾಕಿದ ಪೆಟ್ಟಿಗೆಯಂಥ ಈ ಜಾಗದಲ್ಲಿ ಮನುಷ್ಯರೂ ಒಂದು ಸಿಲಿಂಡರೂ ಬೆಳಗಿನವರೆಗೆ ಒಟ್ಟಿಗೆ ಇರಬೇಕು. ಆ ಪೆಟ್ಟಿಗೆಯೊಳಗೆ ಅನಿಲ ಹೇಗೆ ನಡೆದುಕೊಳ್ಳುತ್ತದೆ, ಅದು ಸೋರುತ್ತಿದ್ದರೆ ನಮಗೆ ಗೊತ್ತಾಗುವ ಬಗೆ ಯಾವುದು ಎಂಬುದೇ ಈ ಅಧ್ಯಾಯದ ವಿಷಯ.

ನಮ್ಮ ಅಡುಗೆ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೂ ಕುದಿಯುತ್ತವೆ. ಒತ್ತಡದಲ್ಲಿ ಹಿಡಿದಿಟ್ಟಿರುವುದರಿಂದ ಮಾತ್ರ ಸಿಲಿಂಡರಿನೊಳಗೆ ಅವು ದ್ರವವಾಗಿವೆ. ಹೊರಬಂದ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಕಾಡಿನಲ್ಲಿ ಹೊಗೆ ಮೇಲೇರುವುದನ್ನು ನೋಡಿ ಬೆಳೆದ ನಮಗೆ ಅನಿಲವೆಂದರೆ ಮೇಲೆ ಹೋಗುವಂಥದ್ದು ಎಂಬ ಭಾವನೆ ಇರುತ್ತದೆ. ಅಡುಗೆ ಅನಿಲ ಹಾಗಲ್ಲ. ಬಿಂದಿಗೆಯಿಂದ ಚೆಲ್ಲಿದ ನೀರಿನ ಹಾಗೆ ಅದು ಒಲೆಯ ಕಟ್ಟೆಯಿಂದ ಕೆಳಗಿಳಿದು, ಸೀಟಿನ ಅಡಿಗೆ, ಹಾಸಿಗೆಯ ಪೆಟ್ಟಿಗೆಯೊಳಗೆ, ಬ್ಯಾಟರಿ ಇಟ್ಟ ಗೂಡಿಗೆ ಹರಿದು ನಿಲ್ಲುತ್ತದೆ. ತೆರೆದ ಮೇಲ್ಛಾವಣಿಯ ಕಿಂಡಿಯಿಂದ ಅದು ಹೊರಹೋಗುವುದಿಲ್ಲ. ಮನೆಯಲ್ಲಾದರೆ ಹೊಸ್ತಿಲ ಸಂದಿಯಿಂದಾದರೂ ಒಂದಷ್ಟು ಹೊರಗೆ ಹರಿದೀತು. ದೂಳು ನೀರು ಬರದಂತೆ ರಬ್ಬರ್ ಪಟ್ಟಿ ಹಾಕಿ ಮುಚ್ಚಿದ ಗಾಡಿಯ ನೆಲದಲ್ಲಿ ಅದಕ್ಕೂ ದಾರಿ ಇಲ್ಲ.

ಎಷ್ಟು ಸೋರಿದರೆ ಅಪಾಯ? ಲೆಕ್ಕ ಹಾಕಿ ನೋಡೋಣ. ಗಾಳಿಯಲ್ಲಿ ಸುಮಾರು ಶೇ 2ರಿಂದ 9ರಷ್ಟು ಬೆರೆತಾಗ ಮಾತ್ರ ಈ ಅನಿಲ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಾದರೆ ಇಂಧನ ಸಾಲದು, ಹೆಚ್ಚಾದರೆ ಆಮ್ಲಜನಕ ಸಾಲದು. ಮೂರೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ಒಳಜಾಗವಿರುವ ವ್ಯಾನಿನ ನೆಲ ಹೆಚ್ಚುಕಡಿಮೆ 6 ಚದರ ಮೀಟರ್. ಅನಿಲ ನೆಲದಿಂದ ಒಂದು ಗೇಣಿನಷ್ಟು, 20 ಸೆಂಟಿಮೀಟರ್ ಎತ್ತರದ ಪದರದಲ್ಲೇ ನಿಂತಿದೆ ಎಂದುಕೊಳ್ಳಿ. ಆ ಪದರದ ಗಾತ್ರ 1,200 ಲೀಟರ್. ಅದರ ಶೇ 2 ಎಂದರೆ 24 ಲೀಟರ್ ಅನಿಲ. ದ್ರವರೂಪದಲ್ಲಿ 100 ಮಿಲಿಲೀಟರಿಗೂ ಕಡಿಮೆ, ತೂಕದಲ್ಲಿ 50 ಗ್ರಾಮಿನ ಆಸುಪಾಸು. 14.2 ಕಿಲೋ ಸಿಲಿಂಡರಿನ ಇನ್ನೂರ ಎಪ್ಪತ್ತರಲ್ಲಿ ಒಂದು ಪಾಲು. ಉರಿ ಆರಿಹೋಗಿ ನಾಬ್ ಮಾತ್ರ ತೆರೆದೇ ಉಳಿದ ಒಂದು ಸಾಧಾರಣ ಬರ್ನರ್ ಇಷ್ಟನ್ನು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಿಡುತ್ತದೆ. ಸಿಲಿಂಡರ್ ಪೂರ್ತಿ ಖಾಲಿಯಾಗುವಷ್ಟು ಸೋರಿದರೆ ಮಾತ್ರ ಅನಾಹುತ ಎಂದುಕೊಂಡವರು ಈ 50 ಗ್ರಾಮನ್ನು ನೆನಪಿಡಬೇಕು. ಅದನ್ನು ಹೊತ್ತಿಸಲು ಒಂದು ಮಿಲಿಜೌಲ್‌ನ ಕಾಲು ಭಾಗದಷ್ಟು ಶಕ್ತಿಯ ಕಿಡಿ ಸಾಕು. ಒಣ ಹವೆಯಲ್ಲಿ ಉಣ್ಣೆಯ ಕಂಬಳಿ ಎಳೆದಾಗ ಬೆರಳ ತುದಿಯಲ್ಲಿ ಚಟ್ ಎನ್ನುವ ಕಿಡಿಯಲ್ಲಿ ಅದಕ್ಕಿಂತ ಹಲವು ಪಟ್ಟು ಶಕ್ತಿ ಇರುತ್ತದೆ. ತನ್ನಷ್ಟಕ್ಕೆ ಶುರುವಾಗುವ ಫ್ರಿಜ್ಜಿನ ರಿಲೇಯಲ್ಲೂ ಇರುತ್ತದೆ.

2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್‌ನಲ್ಲಿ ಆದದ್ದನ್ನು ಕನ್ನಡಿಗರು ಮರೆತಿಲ್ಲ. ಮಾಲೆ ಧರಿಸಿದ ಅಯ್ಯಪ್ಪ ಭಕ್ತರು ದೇವಸ್ಥಾನದ ಕಟ್ಟಡದಲ್ಲಿ ಮಲಗಿದ್ದಾಗ ಸಿಲಿಂಡರಿನಿಂದ ಅನಿಲ ಸೋರಿ ಬೆಂಕಿ ಹತ್ತಿತು. ಒಂಬತ್ತು ಮಂದಿ ಸುಟ್ಟು ಗಾಯಗೊಂಡರು, ಎಂಟು ಮಂದಿ ಆಸ್ಪತ್ರೆಯಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ವ್ರತದಲ್ಲಿರುವವರು ನೆಲದ ಮೇಲೆ ಮಲಗುತ್ತಾರೆ, ಅನಿಲವೂ ನೆಲದ ಮೇಲೆಯೇ ಹರಡುತ್ತದೆ. ಅದಕ್ಕೂ ಒಂದು ವರ್ಷ ಮುಂಚೆ, 2023ರ ಆಗಸ್ಟ್ 26ರ ನಸುಕಿನಲ್ಲಿ, ಮದುರೈ ನಿಲ್ದಾಣದಲ್ಲಿ ಬೇರ್ಪಡಿಸಿ ನಿಲ್ಲಿಸಿದ್ದ ಪ್ರವಾಸಿಗಳ ರೈಲು ಬೋಗಿಯೊಂದು ಹೊತ್ತಿ ಉರಿಯಿತು. ಲಖನೌದಿಂದ ಹೊರಟ ಯಾತ್ರಿಕರು ನಿಯಮ ಮೀರಿ ಒಳಗೆ ತಂದಿದ್ದ ಸಿಲಿಂಡರಿನಲ್ಲಿ ಬೆಳಗಿನ ಪಾನೀಯ ಕಾಯಿಸಲು ಹೊರಟಿದ್ದರು. ಒಂಬತ್ತು ಜನ ಸತ್ತರು. ಎರಡೂ ಕಡೆ ಇದ್ದವರು ದೇವರ ದರ್ಶನಕ್ಕೆ ಹೊರಟವರು, ದಿನವೂ ಮನೆಯಲ್ಲಿ ಗ್ಯಾಸ್ ಬಳಸಿ ಗೊತ್ತಿದ್ದವರು. ಅವರಲ್ಲಿ ಅಜಾಗರೂಕತೆ ಹುಡುಕುವುದಕ್ಕಿಂತ, ಅಡುಗೆಮನೆಯ ಅಭ್ಯಾಸ ಇಕ್ಕಟ್ಟಾದ ಜಾಗದಲ್ಲಿ ಏಕೆ ಕೈಕೊಡುತ್ತದೆ ಎಂದು ಕೇಳಿಕೊಳ್ಳುವುದು ಮೇಲು ಎಂದು ನನಗೆ ಅನ್ನಿಸುತ್ತದೆ.

ಅಡುಗೆಮನೆಯಲ್ಲಿ ನಾವು ನಂಬುವುದು ಮೂಗನ್ನು. ಶುದ್ಧ ಪ್ರೊಪೇನ್, ಬ್ಯುಟೇನ್‌ಗಳಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಗ್ಯಾಸಿನ ವಾಸನೆ ಎಂದು ನಾವು ಕರೆಯುವುದು ಬೇಕೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಈ ಪದ್ಧತಿ ಕಡ್ಡಾಯವಾದದ್ದರ ಹಿಂದೆ ದೊಡ್ಡ ದುಃಖವಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದೆ ತುಂಬಿಕೊಂಡು ಸ್ಫೋಟಿಸಿತು. ಮಕ್ಕಳು, ಶಿಕ್ಷಕರು ಸೇರಿ ಮುನ್ನೂರರಷ್ಟು ಜನ ಸತ್ತರು. ಅದಾದ ಮೇಲೆ ಅನಿಲಕ್ಕೆ ವಾಸನೆ ಸೇರಿಸುವ ಕಾನೂನು ಬಂತು. ಈಗಿನ ಲೆಕ್ಕದಲ್ಲಿ, ಹೊತ್ತಿಕೊಳ್ಳುವ ಕನಿಷ್ಠ ಪ್ರಮಾಣದ ಐದನೇ ಒಂದು ಭಾಗ ಗಾಳಿಗೆ ಸೇರಿದಾಗಲೇ ಸಾಮಾನ್ಯ ಮೂಗಿಗೆ ಅದು ತಿಳಿಯಬೇಕು.

ಇದು ಒಳ್ಳೆಯ ಏರ್ಪಾಡು. ಆದರೂ ಹಾಸನೂರಿನಂಥ ಕಡೆ ಮೂಗಿಗೆ ಹಲವು ಅಡ್ಡಿಗಳಿವೆ. ಹಾಸನೂರು ಸೇರಿರುವ ತಾಳವಾಡಿ ಸೀಮೆ ಎಲೆಕೋಸು, ಈರುಳ್ಳಿ, ಬೆಳ್ಳುಳ್ಳಿ ಬೆಳೆಯುವ ನಾಡು. ಬೆಲೆ ಬಿದ್ದಾಗ ಹೊಲದಲ್ಲೇ ಬಿಟ್ಟ ಕೋಸು ಕೊಳೆಯುತ್ತದೆ. ಕೊಳೆತ ಕೋಸಿನಿಂದ ಹೊರಡುವುದು ಮೀಥೈಲ್ ಮರ್ಕ್ಯಾಪ್ಟನ್, ಅಂದರೆ ಸಿಲಿಂಡರಿಗೆ ಬೆರೆಸಿದ ರಾಸಾಯನಿಕದ ಖಾಸಾ ದಾಯಾದಿ. ಹೊಲದ ಪಕ್ಕ, ಕೋಸಿನ ಲಾರಿಯ ಪಕ್ಕ ಗಾಡಿ ನಿಲ್ಲಿಸಿದವನು ಒಳಗೆ ಆ ವಾಸನೆ ಬಂದರೆ ಹೊರಗಿನದೇ ಇರಬೇಕು ಎಂದುಕೊಳ್ಳುವುದು ಸಹಜ. ಎರಡನೆಯದು, ಗಂಧಕದ ವಾಸನೆಗೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. ನಿಧಾನವಾಗಿ ಸೋರುವ ಜಾಗದಲ್ಲೇ ಕೂತವನಿಗೆ ಕೆಲವೇ ನಿಮಿಷಗಳಲ್ಲಿ ಅದು ತಿಳಿಯದಾಗುತ್ತದೆ, ಹೊರಗಿನಿಂದ ಬಂದವನಿಗೆ ಬಾಗಿಲಲ್ಲೇ ಹೊಡೆಯುತ್ತದೆ. ಮೂರನೆಯದು, ಒಳಗೆ ತುಕ್ಕು ಹಿಡಿದ ಉಕ್ಕು ಮರ್ಕ್ಯಾಪ್ಟನ್ನನ್ನು ಹೀರಿ ಬೇರೆ ಸಂಯುಕ್ತವಾಗಿ ಮಾರ್ಪಡಿಸುತ್ತದೆ. ಹಳೆಯ ಸಿಲಿಂಡರಿನ ಅನಿಲಕ್ಕೆ ವಾಸನೆ ಕಡಿಮೆಯಾಗಲು ಇದೂ ಒಂದು ಕಾರಣ. ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆ. ಮಲಗಿದವರ ಮೂಗು ಎಚ್ಚರಿಸುತ್ತದೆ ಎಂದು ನೆಚ್ಚುವಂತಿಲ್ಲ. ಆದ್ದರಿಂದ ಗಾಡಿಯಲ್ಲಿ ರಾತ್ರಿ ಕಳೆಯುವವರು ಸೋರಿಕೆಯನ್ನು ವಾಸನೆಗೆ ಬಿಡದೆ, ಹಗಲಿರುವಾಗಲೇ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಬೇಕು.

ಕಣ್ಣಿಗೆ ಕಾಣಿಸುತ್ತೇನೆ ಎಂದು ಬೆಂಕಿಕಡ್ಡಿ ಗೀರಿ ಪೈಪಿನ ಉದ್ದಕ್ಕೂ ಹಿಡಿದು ನೋಡುವವರು ಇನ್ನೂ ಇದ್ದಾರೆ. ‘ಸೋರಿದ್ದರೆ ಅಲ್ಲೇ ಸಣ್ಣಗೆ ಉರಿಯುತ್ತದೆ, ಆರಿಸಿದರಾಯಿತು’ ಎಂಬುದು ಅವರ ತರ್ಕ. ಅಪಾಯದ ಮಾತು ಹಾಗಿರಲಿ, ಅಳತೆಯ ಸಾಧನವಾಗಿಯೂ ಬೆಂಕಿಕಡ್ಡಿ ಕೆಲಸಕ್ಕೆ ಬಾರದು. ತೀರ ಸಣ್ಣ ಸೋರಿಕೆಯಲ್ಲಿ ಹೊರಬರುವ ಅನಿಲ ಉರಿಯನ್ನು ಉಳಿಸಿಕೊಳ್ಳುವಷ್ಟಿರುವುದಿಲ್ಲ. ಸುತ್ತಲಿನ ಲೋಹ ಶಾಖವನ್ನು ಹೀರಿಕೊಂಡು ಜ್ವಾಲೆ ನಿಲ್ಲದಂತೆ ಮಾಡುತ್ತದೆ. ಹಾಗಾಗಿ ಇಡೀ ರಾತ್ರಿ ಸೋರಬಲ್ಲ ಕೀಲಿನ ಮುಂದೆ ಹಿಡಿದ ಕಡ್ಡಿ ಏನನ್ನೂ ತೋರಿಸುವುದಿಲ್ಲ, ನೋಡಿದವನು ಸಮಾಧಾನದಿಂದ ಮಲಗುತ್ತಾನೆ. ಸೋರಿಕೆ ದೊಡ್ಡದಾಗಿದ್ದರೆ ಕಡ್ಡಿ ತಾಗುವುದು ಕೀಲಿನ ಬಳಿಯ ಅನಿಲಕ್ಕಲ್ಲ, ಅಷ್ಟು ಹೊತ್ತಿಗೆ ಕಾಲಬುಡದಲ್ಲಿ ನಿಂತಿರುವ ಪದರಕ್ಕೆ. ಸಣ್ಣದನ್ನು ತೋರದ, ದೊಡ್ಡದನ್ನು ತೋರಿಸುವಷ್ಟರಲ್ಲಿ ಜೀವ ತೆಗೆಯುವ ಈ ಪರೀಕ್ಷೆಯನ್ನು ಎಲ್ಲಿಯೂ, ಯಾರೂ ಮಾಡಕೂಡದು.

ಸೋಪಿನ ನೀರು ಇದಕ್ಕಿಂತ ಬಲು ಸೂಕ್ಷ್ಮವಾದ ಸಾಧನ. ಬರಿಯ ನೀರಿಗೆ ಮೇಲ್ಮೈ ಎಳೆತ ಹೆಚ್ಚು, ಅದು ಗುಳ್ಳೆಯನ್ನು ಉಳಿಯಲು ಬಿಡುವುದಿಲ್ಲ. ಸೋಪಿನ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ. ಇಂಥ ಅಣುಗಳು ಮೇಲ್ಮೈಯಲ್ಲಿ ಸಾಲುಗಟ್ಟಿದಾಗ ಎಳೆತ ಇಳಿದು, ತೆಳ್ಳನೆಯ ಪೊರೆ ಹಿಗ್ಗಿ ನಿಲ್ಲುತ್ತದೆ. ಆ ಪೊರೆಯ ಅಡಿಯಿಂದ ನಿಮಿಷಕ್ಕೆ ಒಂದೇ ಮಿಲಿಲೀಟರ್ ಅನಿಲ ಹೊರಬರುತ್ತಿದೆ ಎನ್ನಿ. ಅರ್ಧ ನಿಮಿಷದಲ್ಲಿ ಅಲ್ಲಿ ಒಂದು ಸೆಂಟಿಮೀಟರ್ ಅಡ್ಡಳತೆಯ ಗುಳ್ಳೆ ಉಬ್ಬಿ ನಿಂತಿರುತ್ತದೆ. ಇದೇ ವೇಗದಲ್ಲಿ ಹತ್ತು ಗಂಟೆ ಸೋರಿದರೂ ಒಟ್ಟು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಆಗಲೇ ಹೇಳಿದ 24 ಲೀಟರಿಗೆ ಹೋಲಿಸಿದರೆ ನಲವತ್ತರಲ್ಲಿ ಒಂದು ಪಾಲು. ಅಂದರೆ ಅಪಾಯಕ್ಕೆ ಇನ್ನೂ ಬಹಳ ದೂರವಿರುವಾಗಲೇ ನೊರೆ ಅದನ್ನು ತೋರಿಸಿಬಿಡುತ್ತದೆ. ಪಾತ್ರೆ ತೊಳೆಯುವ ದ್ರವ ಸೋಪನ್ನು ನೀರಿನಲ್ಲಿ ಕದಡಿದರೆ ಆಯಿತು. ಈ ಬೆಟ್ಟಗಳ ಸೋಲಿಗರು ಆರಿಸಿ ತರುವ ಅಂಟುವಾಳದ ಕಾಯಿಯಲ್ಲೂ ಸೀಗೆಯಲ್ಲೂ ಸಪೋನಿನ್ ಎಂಬ ನೊರೆಕಾರಕವೇ ಇರುವುದು. ಅಂಟುವಾಳ ನೆನೆಸಿದ ನೀರಿನ ನೊರೆ ಬಹಳ ಹೊತ್ತು ನಿಲ್ಲುತ್ತದೆ. ಅಮೋನಿಯ ಬೆರೆತ ಗಾಜು ಒರೆಸುವ ದ್ರವಗಳನ್ನು ಮಾತ್ರ ಬಳಸಬಾರದು. ಎಳೆತದಲ್ಲಿರುವ ಹಿತ್ತಾಳೆಯ ನಟ್ಟು ಅಮೋನಿಯ ತಾಗಿದರೆ ಕಾಲಾಂತರದಲ್ಲಿ ಬಿರುಕು ಬಿಡುತ್ತದೆ.

ಎಲ್ಲೆಲ್ಲಿ ಹಚ್ಚಬೇಕು? ಮೊದಲು ಗಾಡಿಯ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮುಖ್ಯ ಸ್ವಿಚ್ ಆರಿಸಿ, ಬಾಗಿಲು ಕಿಟಕಿ ಎಲ್ಲ ತೆರೆದು, ಒಲೆಯ ನಾಬುಗಳು ಮುಚ್ಚಿವೆಯೆಂದು ನೋಡಿಕೊಂಡು, ಆಮೇಲೆ ರೆಗ್ಯುಲೇಟರ್ ತೆರೆಯಬೇಕು. ಮುಚ್ಚಿದ ರೆಗ್ಯುಲೇಟರಿನ ಆಚೆ ಒತ್ತಡವೇ ಇರುವುದಿಲ್ಲ, ಅಲ್ಲಿ ಎಷ್ಟು ನೊರೆ ಹಚ್ಚಿದರೂ ಫಲವಿಲ್ಲ. ರೆಗ್ಯುಲೇಟರ್ ಕೂತಿರುವ ಬಾಯಿ, ಪೈಪಿನ ಎರಡೂ ತುದಿಯ ಕ್ಲಿಪ್ಪುಗಳು, ತಾಮ್ರದ ಕೊಳವೆ ಇದ್ದರೆ ಅದರ ಪ್ರತಿ ನಟ್ಟು, ಮಧ್ಯದ ಕಾಕುಗಳು, ಒಲೆಯ ನಾಬಿನ ಕಡ್ಡಿ ಒಳಹೋಗುವ ಸಂದು, ಇಷ್ಟಕ್ಕೂ ಬ್ರಷ್ಷಿನಿಂದ ನೊರೆ ಬಳಿದು ಒಂದೊಂದನ್ನೂ ಒಂದು ನಿಮಿಷ ನೋಡಬೇಕು. ಪೈಪನ್ನು ಮೆಲ್ಲಗೆ ಬಾಗಿಸಿಯೂ ನೋಡಬೇಕು. ನೇರವಾಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಾಗಿದಾಗ ಬಾಯಿ ಬಿಡುತ್ತದೆ. ರೆಗ್ಯುಲೇಟರ್ ತೆಗೆದ ಮೇಲೆ ಸಿಲಿಂಡರಿನ ವಾಲ್ವಿನ ಗುಳಿಗೆ ಸ್ವಲ್ಪ ನೀರು ಹೊಯ್ದು ಗುಳ್ಳೆ ಬರುತ್ತದೆಯೇ ನೋಡುವುದನ್ನು ಸಿಲಿಂಡರ್ ತಂದುಕೊಡುವ ಹುಡುಗರು ಮಾಡುತ್ತಾರೆ. ಗಾಡಿಗೆ ಸಿಲಿಂಡರ್ ಏರಿಸುವಾಗ ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಒಳಗಿನ ಸಣ್ಣ ರಬ್ಬರ್ ಉಂಗುರ ಸವೆದಿದ್ದರೆ ಗೊತ್ತಾಗುವುದು ಅಲ್ಲೇ. ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಬಿ-27 ಎಂಬಂಥ ಗುರುತು ಇರುತ್ತದೆ. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ಕಾಲುಭಾಗ. ಬಿ-27 ಇದ್ದರೆ 2027ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮರುಪರೀಕ್ಷೆಗೆ ಒಳಪಡಿಸಬೇಕು. ಒಳಗೆ ತಂತಿಯ ಬಲವಿರುವ ಕೇಸರಿ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷದ ಆಯಸ್ಸು. ಮನೆಯಲ್ಲಿ ಒಂದೇ ಕಡೆ ಇರುವ ಪೈಪಿಗೆ ಹೇಳಿದ ಲೆಕ್ಕ ಇದು. ದಿಂಬಂನ ತಿರುವುಗಳಲ್ಲಿ ಅಲುಗಾಡಿ ಉಜ್ಜಿಕೊಳ್ಳುವ ಪೈಪನ್ನು ಅದಕ್ಕಿಂತ ಬೇಗ ಬದಲಿಸುವುದು ಸರಿ.

ಗುಳ್ಳೆ ಕಂಡರೆ ರೆಗ್ಯುಲೇಟರ್ ಮುಚ್ಚಿ, ತೆಗೆದು, ವಾಲ್ವಿಗೆ ದಾರದ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಸ್ಪ್ಯಾನರ್ ಹಿಡಿದು ಇನ್ನೂ ಒಂದು ಸುತ್ತು ಬಿಗಿದು ನೋಡೋಣ ಎಂಬ ಆಸೆ ಬರುತ್ತದೆ. ಅತಿಯಾಗಿ ಬಿಗಿದ ವಾಶರ್ ಜಜ್ಜಿಹೋಗುತ್ತದೆ, ಆ ಹೊತ್ತಿಗೆ ನಿಂತ ಸೋರಿಕೆ ಮುಂದಿನ ಘಾಟಿಯಲ್ಲಿ ಮತ್ತೆ ಶುರುವಾಗುತ್ತದೆ. ಮೆಕ್ಯಾನಿಕ್ ನೋಡುವ ತನಕ ಆ ಒಲೆ ಇಲ್ಲವೆಂದೇ ತಿಳಿದು, ಊಟಕ್ಕೆ ಹೋಟೆಲಿಗೆ ಹೋಗುವುದು ಕ್ಷೇಮ.

ಯಾವಾಗ ನೋಡಬೇಕು ಎಂಬುದರಲ್ಲೂ ವಿಜ್ಞಾನವಿದೆ. ಸಿಲಿಂಡರಿನೊಳಗಿನ ಒತ್ತಡವನ್ನು ನಿರ್ಧರಿಸುವುದು ಅದರಲ್ಲಿ ಉಳಿದಿರುವ ದ್ರವದ ಪ್ರಮಾಣವಲ್ಲ, ಅದರ ಉಷ್ಣತೆ. ಪ್ರೊಪೇನಿನ ಆವಿಯ ಒತ್ತಡ 15 ಡಿಗ್ರಿಯಲ್ಲಿ ವಾಯುಮಂಡಲದ ಏಳು ಪಟ್ಟಿನಷ್ಟಿದ್ದರೆ 38 ಡಿಗ್ರಿಯಲ್ಲಿ ಹದಿಮೂರು ಪಟ್ಟಿನಷ್ಟಾಗುತ್ತದೆ. ಬೇಸಗೆಯ ಮಧ್ಯಾಹ್ನ ಸತ್ಯಮಂಗಲದಲ್ಲಿ ಕಾದ ಸಿಲಿಂಡರಿನ ವಾಲ್ವಿನ ಮೇಲೆ ಇರುವ ಒತ್ತಡ ಹಾಸನೂರಿನ ರಾತ್ರಿಯದಕ್ಕಿಂತ ಬಹಳ ಹೆಚ್ಚು. ವಾಲ್ವಿನ ದೋಷ ಬಯಲಾಗುವ ಸಾಧ್ಯತೆ ಹೆಚ್ಚಿರುವುದು ಕೆಳಗಿನ ಬಿಸಿಲಿನಲ್ಲಿ. ಕ್ಲಿಪ್ಪು ನಟ್ಟುಗಳು ಸಡಿಲವಾಗುವುದು ಘಾಟಿಯ ಕುಲುಕಾಟದಲ್ಲಿ. ಹಾಗಾಗಿ ಕೆಳಗಿನಿಂದ ಬರುವವರು ಬಣ್ಣಾರಿಗೆ ಮುಂಚೆ ಒಮ್ಮೆ, ಘಾಟಿ ಹತ್ತಿದ ಮೇಲೆ ಒಲೆ ಹಚ್ಚುವುದಕ್ಕೆ ಮುಂಚೆ ಬೆಳಕಿರುವಾಗಲೇ ಇನ್ನೊಮ್ಮೆ ನೋಡಬೇಕು. ಕಾಡಿನ ನಡುವಿನ ರಸ್ತೆಯಲ್ಲಿ ಇಳಿಯುವುದಕ್ಕೂ ಅಡುಗೆ ಮಾಡುವುದಕ್ಕೂ ಅವಕಾಶವಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿ ನಿಂತ ಲಂಟಾನದ ಪಕ್ಕ ಒಂದು ಕಿಡಿಯೂ ಕಾಡಿಗೆ ಹಾನಿ. ಪರೀಕ್ಷೆಯಾಗಲಿ ಅಡುಗೆಯಾಗಲಿ ಊರಿನೊಳಗೆ, ಅನುಮತಿಯಿರುವ ಜಾಗದಲ್ಲಿ ಆಗಬೇಕು.

ಗೋಡೆಯೊಳಗೆ ಹುದುಗಿದ ಕೊಳವೆಗೆ ನೊರೆ ಹಚ್ಚಲು ಆಗುವುದಿಲ್ಲ. ಅದಕ್ಕೆ ಮೆಕ್ಯಾನಿಕ್‌ಗಳು ಬಳಸುವ ಒಂದು ಸುಂದರವಾದ ಉಪಾಯ ಯು ಆಕಾರದ ಪಾರದರ್ಶಕ ಕೊಳವೆ. ಅದರಲ್ಲಿ ನೀರು ತುಂಬಿ ಒಂದು ತುದಿಯನ್ನು ಗ್ಯಾಸ್ ಮಾರ್ಗಕ್ಕೆ ಜೋಡಿಸುತ್ತಾರೆ, ಇನ್ನೊಂದು ತುದಿ ಗಾಳಿಗೆ ತೆರೆದಿರುತ್ತದೆ. ನಮ್ಮ ರೆಗ್ಯುಲೇಟರ್ ಹೊರಬಿಡುವ ಒತ್ತಡ ಚದರ ಸೆಂಟಿಮೀಟರಿಗೆ 30 ಗ್ರಾಂ. ಅಂದರೆ ಎರಡು ಕೊಂಬುಗಳ ನೀರಿನ ಮಟ್ಟದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸ. ರೆಗ್ಯುಲೇಟರ್ ಮುಚ್ಚಿ, ಕೊಳವೆಯೊಳಗೆ ಅನಿಲವನ್ನು ಸೆರೆಹಿಡಿದು, ಮಟ್ಟ ಇಳಿಯುತ್ತದೆಯೇ ಎಂದು ಕಾದು ನೋಡುತ್ತಾರೆ. ಇಲ್ಲೊಂದು ಬಲೆ ಇದೆ. ಸೆರೆಯಾದ ಅನಿಲ ತಣ್ಣಗಾದರೆ ಸೋರದೆಯೂ ಒತ್ತಡ ಇಳಿಯುತ್ತದೆ. ಹಾಸನೂರಿನ ಎತ್ತರದಲ್ಲಿ ಲೆಕ್ಕ ಹಾಕಿದರೆ ಒಂದೇ ಒಂದು ಡಿಗ್ರಿ ಇಳಿಕೆಗೆ ನೀರಿನ ಮಟ್ಟದಲ್ಲಿ ಸುಮಾರು 3 ಸೆಂಟಿಮೀಟರ್ ವ್ಯತ್ಯಾಸ. ಸೂರ್ಯ ಮುಳುಗುವ ಹೊತ್ತಿನಲ್ಲಿ ಬೆಟ್ಟದ ಮೇಲೆ ಈ ಪರೀಕ್ಷೆ ಮಾಡಿದರೆ ಸರಿಯಾಗಿರುವ ಗಾಡಿಯೂ ಸೋರುವಂತೆ ಕಾಣುತ್ತದೆ. ಬೆಳಗಿನ ಎಳೆಬಿಸಿಲು ಚಾವಣಿಗೆ ಬೀಳುವಾಗ ಮಾಡುವುದು ಅದಕ್ಕಿಂತ ಕೆಟ್ಟದ್ದು. ಸೋರಿ ಇಳಿದ ಒತ್ತಡವನ್ನು ಬಿಸಿ ತುಂಬಿಕೊಡುತ್ತದೆ, ನೀರು ಅಲುಗದೆ ನಿಂತು ಸುಳ್ಳು ಭರವಸೆ ಕೊಡುತ್ತದೆ. ನೆರಳಿನಲ್ಲಿ, ಉಷ್ಣತೆ ಸ್ಥಿರವಾಗಿರುವ ಹೊತ್ತಿನಲ್ಲಿ, ಕಸುಬು ಬಲ್ಲವರ ಕೈಯಲ್ಲಿ ಇದನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಇದು ತೋರಿಸುವುದು ರೆಗ್ಯುಲೇಟರಿನಿಂದ ಒಲೆಯವರೆಗಿನ ಭಾಗವನ್ನು ಮಾತ್ರ. ಸಿಲಿಂಡರಿನ ವಾಲ್ವಿಗೆ ನೊರೆಯೇ ಗತಿ.

ಗಾಡಿಯನ್ನು ಕಟ್ಟಿಸುವಾಗಲೇ ಸೋರಿಕೆಗೆ ಹೊರದಾರಿ ಮಾಡಿಡುವುದು ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ. ವಾಸದ ವಾಹನಗಳ ಗ್ಯಾಸ್ ಜೋಡಣೆಗೆ ಯುರೋಪಿನಲ್ಲಿ ಇಎನ್ 1949 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಸಿಲಿಂಡರ್ ಇರುವ ಗೂಡು ಮಲಗುವ ಜಾಗದ ಕಡೆಗೆ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ತೆರೆಯುವಂತಿರಬೇಕು, ಅದರ ತಳದಲ್ಲಿ ನೇರವಾಗಿ ಹೊರಗೆ ತೆರೆದ ರಂಧ್ರ ಇರಬೇಕು ಎಂಬುದು ಅದರ ಸಾರ. ಸೋರಿದ್ದು ಹಾಸಿಗೆಯ ಕಡೆ ಬರದೆ ಮಣ್ಣಿಗೆ ಇಳಿದು ಗಾಳಿಯಲ್ಲಿ ಚದುರುತ್ತದೆ. ನಮ್ಮಲ್ಲಿ ಟಿಟಿಯ ಕೊನೆ ಸೀಟಿನಡಿ ಸಿಲಿಂಡರನ್ನು ಅಡ್ಡ ಮಲಗಿಸಿ ಒಯ್ಯುವುದನ್ನು ನೋಡುತ್ತೇವೆ. ಮಲಗಿಸಿದ ಸಿಲಿಂಡರಿನಲ್ಲಿ ವಾಲ್ವಿಗೆ ತಾಗಿರುವುದು ಆವಿಯ ಬದಲು ದ್ರವ. ಅದು ಹೊರಬಂದರೆ 250 ಪಟ್ಟು ಹಿಗ್ಗುತ್ತದೆ. ನಿಲ್ಲಿಸಿ, ಬೆಲ್ಟಿನಿಂದ ಬಿಗಿದು ಒಯ್ಯುವುದೊಂದೇ ಸರಿಯಾದ ಕ್ರಮ. ಪೆಟ್ರೋಲ್ ಬಂಕಿನಲ್ಲೂ ಸಿಗುವ 5 ಕಿಲೋ ಸಿಲಿಂಡರ್ ಸಾಕಾಗುವ ಕಡೆ 14.2 ಕಿಲೋದ್ದನ್ನು ಹೊತ್ತು ತಿರುಗುವುದೂ ಬೇಡ.

ಮಲಗಿದವರ ಕಾವಲಿಗೆ ಒಂದು ಯಂತ್ರ ಬೇಕು. 1960ರ ದಶಕದಲ್ಲಿ ಜಪಾನಿನ ನಾವೊಯೋಶಿ ತಾಗುಚಿ ರೂಪಿಸಿದ ತವರದ ಆಕ್ಸೈಡಿನ ಸಂವೇದಕವೇ ಇವತ್ತಿನ ಅಗ್ಗದ ಗ್ಯಾಸ್ ಅಲಾರಂಗಳ ಮೂಲ. ಬಿಸಿ ಮಾಡಿದ ಆ ಆಕ್ಸೈಡಿನ ಮೈಮೇಲೆ ಗಾಳಿಯ ಆಮ್ಲಜನಕ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಹಿಡಿದಿಟ್ಟಿರುತ್ತದೆ. ಅಡುಗೆ ಅನಿಲ ಬಂದು ಆ ಆಮ್ಲಜನಕದೊಡನೆ ವರ್ತಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಅಲಾರಂ ಕೂಗುತ್ತದೆ. ಅನಿಲ ಭಾರವಾದ್ದರಿಂದ ಇದನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಾಕಬೇಕು. ಹೊಗೆಯ ಅಲಾರಮ್ಮಿನಂತೆ ಚಾವಣಿಗೆ ಸಿಕ್ಕಿಸಿದ್ದನ್ನು ಕಂಡಿದ್ದೇನೆ, ಅಲ್ಲಿ ಅದರಿಂದ ಪ್ರಯೋಜನವಿಲ್ಲ. ಸ್ಪ್ರೇ, ಸ್ಯಾನಿಟೈಸರಿನ ಆವಿಗೂ ಅದು ಕೂಗುವುದುಂಟು. ಆ ಕಿರಿಕಿರಿಗೆ ತಂತಿ ಕೀಳಬೇಡಿ.

ಎಷ್ಟೇ ಎಚ್ಚರವಿದ್ದರೂ ನಡುರಾತ್ರಿ ಅಲಾರಂ ಕೂಗಿತು, ಅಥವಾ ವಾಸನೆ ಬಂತು ಎನ್ನಿ. ಬೇರೆ ಕಡೆಯಾದರೆ ಬಾಗಿಲು ತೆರೆದು ಓಡಿ ಎನ್ನಬಹುದು. ಹಾಸನೂರಿನಲ್ಲಿ ಹೊರಗೆ ಆನೆ ಇರಬಹುದು. ಆನೆ ಇದೆಯೇ ಎಂದು ನೋಡಲು ಲೈಟ್ ಹಾಕುವುದು, ಓಡಿಸಲು ಹಾರ್ನ್ ಒತ್ತುವುದು, ಗಾಡಿ ಸರಿಸಲು ಕೀ ತಿರುಗಿಸುವುದು ಇಲ್ಲಿಯವರ ಕೈಗೆ ಬಂದ ರೂಢಿ. ಅನಿಲ ತುಂಬಿದ ಗಾಡಿಯಲ್ಲಿ ಈ ಮೂರೂ ಕಿಡಿಗಳೇ. ಯಾವ ಸ್ವಿಚ್ಚನ್ನೂ ಹಾಕಬಾರದು, ಹಾಕಿದ್ದನ್ನು ಆರಿಸಲೂ ಬಾರದು. ಕತ್ತಲಲ್ಲೇ ಕೈಗೆಟುಕುವಂತಿದ್ದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲನ್ನು ಕೆಳಗಿನ ಅಂಚಿನವರೆಗೆ ತೆರೆಯಬೇಕು, ಏಕೆಂದರೆ ಅನಿಲ ಹೊರಹರಿಯುವುದು ಅಲ್ಲಿಂದ. ನಂತರ ಎಲ್ಲರೂ ಇಳಿಯಬೇಕು. ಕೈಯಿಂದ ತಿರುಗಿಸುವ ಕಿಟಕಿ ಒಳ್ಳೆಯದು, ಪವರ್ ವಿಂಡೋ ಮುಟ್ಟಬಾರದು. ಆನೆಯ ಅಪಾಯ ಇರಬಹುದು ಎಂಬಂಥದ್ದು, ಅನಿಲದ್ದು ಬಂದೇ ಬಿಟ್ಟಿರುವಂಥದ್ದು. ಇವೆರಡರ ನಡುವೆ ಆಯ್ಕೆ ಮಾಡುವ ಸಂದರ್ಭ ಬಾರದಿರಲೆಂದೇ ಗಾಡಿಯನ್ನು ಮನೆಗಳಿರುವ, ಜನರಿರುವ ಕಡೆ, ಬಾಗಿಲು ಕಟ್ಟಡದ ಕಡೆಗೆ ಬರುವಂತೆ ನಿಲ್ಲಿಸಬೇಕು. ದೂರ ಹೋದ ಮೇಲೆ 1906ಕ್ಕೆ ಫೋನ್ ಮಾಡಬಹುದು. ಎಲ್‌ಪಿಜಿ ಸೋರಿಕೆಗೆಂದೇ ದೇಶಕ್ಕೆಲ್ಲ ಇರುವ ಸಂಖ್ಯೆ ಅದು.

ಈ ಸಂಯಮ ಎಷ್ಟು ಫಲ ಕೊಡುತ್ತದೆ ಎಂಬುದಕ್ಕೆ ಇದೇ ರಸ್ತೆ ಮುಟ್ಟುವ ಕೊಯಮತ್ತೂರಿನಲ್ಲಿ ಉದಾಹರಣೆ ಇದೆ. 2025ರ ಜನವರಿ 3ರ ನಸುಕಿನಲ್ಲಿ ಅವಿನಾಶಿ ರಸ್ತೆಯ ಮೇಲ್ಸೇತುವೆಯಲ್ಲಿ, ಕೊಚ್ಚಿಯಿಂದ ಬಂದ 18 ಟನ್ ಅನಿಲದ ಟ್ಯಾಂಕರ್ ಲಾರಿಯಿಂದ ಕಳಚಿ ಬಿದ್ದು ಸೋರತೊಡಗಿತು. ಅಗ್ನಿಶಾಮಕ ದಳ ಗಂಟೆಗಟ್ಟಲೆ ನೀರು ಚಿಮುಕಿಸಿ ಅನಿಲವನ್ನು ಚದುರಿಸಿತು, ಸಂಚಾರ ನಿಂತಿತು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಕಿಡಿ ಹುಟ್ಟಲಿಲ್ಲ, ಒಬ್ಬರೂ ಸಾಯಲಿಲ್ಲ.

ನೊರೆಗೂ ಸಿಗದ, ವಾಸನೆಯೂ ಇಲ್ಲದ ಇನ್ನೊಂದು ಅನಿಲದ ಬಗ್ಗೆ ಹೇಳದೆ ಈ ಅಧ್ಯಾಯ ಮುಗಿಸುವಂತಿಲ್ಲ. 2024ರ ಡಿಸೆಂಬರ್ 23ರಂದು ಕೇರಳದ ವಡಕರದಲ್ಲಿ ಹೆದ್ದಾರಿ ಪಕ್ಕ ನಿಂತಿದ್ದ ಕಾರವಾನ್ ಒಂದರಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಎಸಿ ನಡೆಸಲು ಹಾಕಿದ್ದ ಜನರೇಟರಿನ ಹೊಗೆ ಒಳಗೆ ಬಂದು, ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ಅವರನ್ನು ಕೊಂದಿತ್ತು. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅಂಟುತ್ತದೆ. ತಲೆನೋವು, ಮಂಪರು ಬಂದಂತಾಗಿ ಎದ್ದೇಳುವ ಶಕ್ತಿಯೇ ಉಳಿಯುವುದಿಲ್ಲ. ಸಿಲಿಂಡರ್ ಒಂದಿಷ್ಟೂ ಸೋರದಿದ್ದರೂ, ಗಾಳಿ ಸಾಲದೆ ಹಳದಿಯಾಗಿ ಉರಿಯುವ ಒಲೆ, ಚಳಿಗೆಂದು ಒಳಗಿಟ್ಟ ಕೆಂಡದ ಅಗ್ಗಿಷ್ಟಿಕೆ, ಪಕ್ಕದ ಲಾರಿಯ ಎಂಜಿನ್, ಇವೆಲ್ಲ ಅದನ್ನು ಹುಟ್ಟಿಸುತ್ತವೆ. ಬೆಟ್ಟದ ಮೇಲೆ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವಾದ್ದರಿಂದ ಉರಿ ಪೂರ್ತಿಯಾಗದೆ ಉಳಿಯುವ ಸಂಭವವೂ ಅಷ್ಟು ಹೆಚ್ಚು. ಒಲೆಯಿಂದ ಗಾಡಿಯನ್ನು ಬೆಚ್ಚಗೆ ಮಾಡಲು ಹೋಗಬಾರದು. ಒಲೆ ಉರಿಯುವಷ್ಟು ಹೊತ್ತೂ ಕಿಟಕಿ ತೆರೆದಿರಬೇಕು. ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಆದ್ದರಿಂದ ಇದರ ಅಲಾರಂ ಬೇರೆ, ಅದರ ಜಾಗವೂ ಬೇರೆ. ನೆಲದ ಬಳಿ ಒಂದು, ದಿಂಬಿನ ಎತ್ತರದಲ್ಲಿ ಇನ್ನೊಂದು, ಹೀಗೆ ಗಾಡಿಗೆ ಎರಡು ಅಲಾರಂ ಬೇಕು. ಎರಡರ ಬೆನ್ನಿಗೂ ಬಳಕೆಯ ಕೊನೆಯ ತಾರೀಕು ಅಚ್ಚಾಗಿರುತ್ತದೆ. ಅದು ದಾಟಿದ ಸಂವೇದಕ ದೀಪ ಉರಿಸುತ್ತಿದ್ದರೂ ಅನಿಲವನ್ನು ಗುರುತಿಸದೆ ಹೋಗಬಹುದು. ಪ್ರಯಾಣಕ್ಕೆ ಮುಂಚೆ ನೊರೆಯ ಬ್ರಷ್ಷು ಕೈಗೆತ್ತಿಕೊಳ್ಳುವಾಗಲೇ ಆ ತಾರೀಕುಗಳನ್ನೂ ಓದಿಕೊಳ್ಳಬೇಕು.